ಚಾರ್ಜ್ ತೆಗೆದುಕೊಳ್ಳುವ ಕೈ

1986ರ ಜೂನ್ ತಿಂಗಳಲ್ಲಿ ಸಾಗರ ಮತ್ತು ಆನಂದಪುರದ ನಡುವೆ ಇದ್ದ ಸಣ್ಣ ಗಾಜಿನ ಕಾರ್ಖಾನೆಯೊಂದು, ಕರಗಿದ ಗಾಜಿನ ಬಿಸಿಯನ್ನು ಹದ್ದುಬಸ್ತಿನಲ್ಲಿಡುವ ಕೆಲಸವನ್ನು ಕಂಪ್ಯೂಟರಿಗೆ ವಹಿಸಿತು. ಅದನ್ನು ನಡೆಸಲು ನೇಮಕಗೊಂಡವಳು ನನ್ನ ತಂಗಿ. ನೇಮಕ ತಾತ್ಕಾಲಿಕವಾಗಿತ್ತು.

ನಾನು ಆಗ ದಿನಪತ್ರಿಕೆಯೊಂದರ ಸಾಗರದ ವರದಿಗಾರ. ಕಂಪ್ಯೂಟರ್ ಬಂದ ಸುದ್ದಿಯನ್ನು ನಾನೇ ಕಳಿಸಿದ್ದೆ. ಸ್ವಂತ ತಂಗಿಯ ವಿಷಯವೆಂದು ಅವಳ ಪ್ರಸ್ತಾಪ ಬಿಟ್ಟಿದ್ದೆ. ಅಡಿಕೆ ಧಾರಣೆಯ ಕೆಳಗೆ ನಾಲ್ಕು ಸಾಲು ಬಂತು.

ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಜೇನುತುಪ್ಪದ ಬಾಟಲಿ ಮತ್ತು ಆಯುರ್ವೇದದ ಅರಿಷ್ಟದ ಬಾಟಲಿ. ಮರಳು ಕರಾವಳಿಯಿಂದ ಲಾರಿಯಲ್ಲಿ ಬರುತ್ತಿತ್ತು. ಅದರ ಜತೆಗೆ ಹಾಕುವ ಒಡೆದ ಗಾಜನ್ನು ಹೊಸನಗರ, ತೀರ್ಥಹಳ್ಳಿಗಳ ಸೋಡಾ ಅಂಗಡಿಗಳಿಂದ ಗುಜರಿಯವರು ತಂದು ಸುರಿಯುತ್ತಿದ್ದರು. ಕುಲುಮೆಯಲ್ಲಿ ಕರಗಿದ ಗಾಜು ಇಟ್ಟಿಗೆಯ ಮುಚ್ಚಿದ ಕಾಲುವೆಯಲ್ಲಿ ನಿಧಾನವಾಗಿ ಹರಿದು ಬಂದು, ತುದಿಯಲ್ಲಿ ಮುದ್ದೆಯಾಗಿ ಅಚ್ಚಿಗೆ ಬೀಳುತ್ತಿತ್ತು. ಅದನ್ನು ಕೆಲಸಗಾರರೆಲ್ಲ ಮುದ್ದೆ ಎಂದೇ ಕರೆಯುತ್ತಿದ್ದರು. ‘ನಾವು ಗಂಜಿ ಕುಡಿಯೋ ಊರೋರು. ನಮ್ಮ ಕೈಲಿ ಮುದ್ದೆ ಮಾಡ್ಸಿದ್ರೆ ಸಮ ಬರ್ತದಾ?’ ಎಂಬುದು ಅಲ್ಲಿನ ಹಳೆಯ ತಮಾಷೆ.

ಮುದ್ದೆ ಸಮ ಬರದಿರುವುದೇ ಕಾರ್ಖಾನೆಯ ತೊಂದರೆಯೂ ಆಗಿತ್ತು. ಗಾಜು ತುಸು ಬಿಸಿಯಾದರೆ ಹೆಚ್ಚು ಹರಿದು ಮುದ್ದೆ ದಪ್ಪವಾಗುತ್ತದೆ, ತಣ್ಣಗಾದರೆ ಬಾಟಲಿಯ ತಳ ತೆಳುವಾಗುತ್ತದೆ. ಉರಿ ಹೆಚ್ಚಿಸಿದ ತಕ್ಷಣ ತುದಿಯಲ್ಲಿ ಫಲ ಕಾಣುವುದಿಲ್ಲ. ಕಾಣುವಷ್ಟರಲ್ಲಿ ಮನುಷ್ಯ ತಾಳ್ಮೆಗೆಟ್ಟು ಇನ್ನಷ್ಟು ಹೆಚ್ಚಿಸಿರುತ್ತಾನೆ. ತಂಗಿ ಇದನ್ನು ನನಗೆ ಶರಾವತಿ ಹಿನ್ನೀರಿನ ಲಾಂಚಿನ ಉದಾಹರಣೆ ಕೊಟ್ಟು ತಿಳಿಸಿದ್ದಳು. ದಡ ಹತ್ತಿರ ಬಂದ ಮೇಲೆ ಚುಕ್ಕಾಣಿ ತಿರುಗಿಸಿದರೆ ಪ್ರಯೋಜನವಿಲ್ಲ, ಲಾಂಚು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಮೊದಲೇ ಅಂದಾಜು ಮಾಡಿ ತಿರುಗಿಸಬೇಕು. ಕಂಪ್ಯೂಟರ್ ಆ ಅಂದಾಜು ಮಾಡುತ್ತಿತ್ತು. ಅಂದಾಜು ತಪ್ಪಿದರೆ ಎಷ್ಟು ತಪ್ಪಿತೆಂದು ನೋಡಿ ತನ್ನ ಲೆಕ್ಕವನ್ನೇ ತಿದ್ದಿಕೊಳ್ಳುತ್ತಿತ್ತು.

ತೀರ್ಥಹಳ್ಳಿ ಕಡೆಯ ಜಮೀನ್ದಾರರ ಮನೆತನದವರಾದ ಮಾಲೀಕರು ಅವಳಿಗೆ ಮೊದಲ ದಿನವೇ ಹೇಳಿದ್ದರು: ‘ಏನ್ ತಾಯಿ, ನಿನ್ನ ಪೆಟ್ಟಿಗೆ ಭವಿಷ್ಯ ಹೇಳ್ತದಂತೆ. ನಮ್ಮ ಕಡೆ ಭವಿಷ್ಯ ಹೇಳೋರಿಗೇನೂ ಬರ ಇಲ್ಲ. ಹೇಳಿದ್ದು ಆಗ್ಬೇಕು, ಅಷ್ಟೆ. ಚೌತಿ ತನಕ ನೋಡ್ತೀನಿ.’

ಚೌತಿಯ ಹೊತ್ತಿಗೆ ಬಾಟಲಿ ಸರಿಹೋಗದಿದ್ದರೆ ಪೆಟ್ಟಿಗೆ ಅದನ್ನು ಕೊಟ್ಟ ಪುಣೆಯ ಕಂಪನಿಗೆ ವಾಪಸು. ಪೆಟ್ಟಿಗೆಗೆಂದೇ ನೇಮಕವಾದ ತಂಗಿ ಮನೆಗೆ. ಇಂಜಿನಿಯರಿಂಗ್ ಓದಿದ ಮೇಲೆ ಅವಳಿಗೆ ಸಿಕ್ಕಿದ ಮೊದಲ ಕೆಲಸ ಅದು. ಸಂದರ್ಶನಕ್ಕೆ ಹೋದಲ್ಲೆಲ್ಲ, ರಾತ್ರಿ ಪಾಳಿ ಇರುವ ಕಾರ್ಖಾನೆಗೆ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲ ಎಂಬ ಉತ್ತರ ಕೇಳಿ ಬಂದಿದ್ದಳು.

ಮೊದಲೆರಡು ವಾರ ಬಾಟಲಿಗಳು ಚೆನ್ನಾಗಿ ಬಂದವು. ಆಮೇಲೆ ಕೆಟ್ಟವು. ಮೇಜಿನ ಮೇಲಿಟ್ಟರೆ ಅಲುಗಾಡುವ ಬಾಟಲಿಗೆ ಅಲ್ಲಿ ‘ಕುಣಿಯೋ ಬಾಟ್ಲಿ’ ಎಂದು ಹೆಸರು. ಕಂಪ್ಯೂಟರ್ ಬರುವ ಮೊದಲಿಗಿಂತ ಹೆಚ್ಚು ಬಾಟಲಿಗಳು ಕುಣಿಯತೊಡಗಿದವು.

ತಂಗಿಗೆ ಮೊದಲು ಅನುಮಾನ ಬಂದದ್ದು ಮಳೆಯ ಮೇಲೆ. ಒಡೆದ ಗಾಜು ಬಯಲಲ್ಲಿ ನೆನೆಯುತ್ತಿತ್ತು. ಹೇಳಿ ಹೇಳಿ ಅದಕ್ಕೊಂದು ತಗಡಿನ ಮಾಡು ಹಾಕಿಸಿದಳು. ಬದಲಾವಣೆ ಕಾಣಲಿಲ್ಲ. ಆಮೇಲೆ ಕರೆಂಟಿನ ಮೇಲೆ ಅನುಮಾನ ಬಂತು. ಜೋಗದ ವಿದ್ಯುತ್ ತಯಾರಾಗುವ ಕಾರ್ಗಲ್ಲಿಗೆ ಅಷ್ಟು ಹತ್ತಿರದಲ್ಲಿದ್ದರೂ ನಮಗೆ ವೋಲ್ಟೇಜ್ ಏರಿಳಿತ ತಪ್ಪಿರಲಿಲ್ಲ. ಸ್ಟೆಬಿಲೈಜರ್ ಬಂತು. ಬಾಟಲಿ ಕುಣಿಯುತ್ತಲೇ ಇತ್ತು.

ಊಟಕ್ಕೆ ಕೂತಾಗ ಅಮ್ಮ ಕೇಳುತ್ತಿದ್ದಳು, ‘ಎಂತಾತೇ ಕೂಸೆ, ಇವತ್ತಾದ್ರೂ ಸರಿ ಆತಾ?’

‘ಇಲ್ಲೆ ಅಮ್ಮಾ. ಅದು ತಪ್ಪು ಕಲೀತಾ ಇದ್ದು. ಎಲ್ಲಿಂದ ಕಲೀತು ಅಂತ ಗೊತ್ತಾಗ್ತಿಲ್ಲೆ.’

‘ಶಾಲೆಗೆ ಹೋಪ ಮಕ್ಕಳೂ ಹಂಗೇಯ’ ಎಂದು ಅಮ್ಮ ಇನ್ನೊಂದು ಸೌಟು ತಂಬುಳಿ ಬಡಿಸಿದಳು.

ಆಗಸ್ಟಿನ ಒಂದು ಮಧ್ಯಾಹ್ನ ಆನಂದಪುರದಲ್ಲಿ ಸುದ್ದಿಯೊಂದನ್ನು ಮುಗಿಸಿ ಸ್ಕೂಟರಿನಲ್ಲಿ ಬರುತ್ತ, ತಂಗಿಯನ್ನು ಕರೆದುಕೊಂಡು ಹೋಗಲು ಕಾರ್ಖಾನೆಗೆ ಹೋದೆ. ಮಳೆ ಜೋರಾಯಿತು. ಕಾಲುವೆಯ ತುದಿಯ ಬಳಿ ಬೆಚ್ಚಗಿತ್ತು, ಇಬ್ಬರೂ ಅಲ್ಲಿ ನಿಂತೆವು. ಪಾಳಿ ಬದಲಾಗುವ ಹೊತ್ತು. ಹೊಸನಗರ ಕಡೆಯ ಆಪರೇಟರ್ ಒಬ್ಬರು ಬಂದರು. ಹಿಂದೆ ಗೇಣಿ ಮಾಡುತ್ತಿದ್ದ, ಈಗ ಸ್ವಂತ ಗದ್ದೆಯಿರುವ ಮನೆಯವರು, ಐವತ್ತರ ಆಸುಪಾಸು. ಕೊಡೆಯನ್ನು ಮೊಳೆಗೆ ತೂಗುಹಾಕಿ, ಕಾಲುವೆಗೆ ತಂಪುಗಾಳಿ ಬಿಡುವ ವಾಲ್ವಿನ ಚಕ್ರವನ್ನು ತುಸು ತಿರುಗಿಸಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ಬಸ್ಸಿನ ಡ್ರೈವರ್ ಬೆಳಗಿನ ಮೊದಲ ಟ್ರಿಪ್ಪಿಗೆ ಮುನ್ನ ಸ್ಟೇರಿಂಗ್ ಮುಟ್ಟಿ ಮಾಡುವ ಹಾಗೆ.

ತಂಗಿ ಕೇಳಿದಳು, ‘ವಾಲ್ವ್ ಎಂತಕ್ಕೆ ತಿರುಗ್ಸಿದ್ರಿ?’

‘ನಾನೆಲ್ಲಿ ತಿರುಗ್ಸಿದೆ ಅಕ್ಕೋರೆ?’ ಶಾಲೆಯ ಟೀಚರನ್ನು ಕರೆಯುವಂತೆ ಅವಳನ್ನು ಅಲ್ಲಿ ಎಲ್ಲರೂ ಅಕ್ಕೋರು ಎನ್ನುತ್ತಿದ್ದರು.

‘ಈಗ ತಿರುಗ್ಸಿದ್ರಲ್ಲ.’

‘ಅದಾ? ಅದು ತಿರುಗ್ಸದಲ್ಲ. ಚಾರ್ಜ್ ತಗಂಡಿದ್ದು.’

ಅವರು ಸುಳ್ಳು ಹೇಳುತ್ತಿರಲಿಲ್ಲ. ವಾಲ್ವಿಗೆ ಕೈ ಹಾಕುತ್ತೀರಾ ಎಂದು ತಂಗಿ ಜುಲೈನಲ್ಲೇ ಎಲ್ಲರನ್ನೂ ಕೇಳಿದ್ದಳು. ಎಲ್ಲರೂ ಇಲ್ಲವೆಂದಿದ್ದರು. ಕುಲುಮೆ ಹೊತ್ತಿಸಿದ ಕಾಲದಿಂದಲೂ ಪಾಳಿಗೆ ಬಂದವರು ಆ ಚಕ್ರವನ್ನು ಒಂದಿಷ್ಟು ತಿರುಗಿಸಿಯೇ ಕೆಲಸ ಹಿಡಿಯುತ್ತಿದ್ದರು. ಒಬ್ಬರು ಬಲಕ್ಕೆ, ಒಬ್ಬರು ಎಡಕ್ಕೆ, ಅವರವರ ಕೈಗೆ ಬಂದಷ್ಟು. ಗಾಳಿ ಬದಲಾಗಿ ಗಾಜಿನ ಬಿಸಿ ಬದಲಾದಾಗ, ಕಂಪ್ಯೂಟರ್ ಅದನ್ನು ತಾನು ಕೊಟ್ಟ ಉರಿಯ ಫಲವೆಂದು ಭಾವಿಸಿ ತನ್ನ ಲೆಕ್ಕವನ್ನು ತಿದ್ದಿಕೊಳ್ಳುತ್ತಿತ್ತು. ಪಾಳಿ ಪಾಳಿಗೂ ಹೊಸ ತಪ್ಪು ಕಲಿಯುತ್ತಿತ್ತು.

ಸೂಪರ್‌ವೈಸರ್ ವಾಲ್ವಿಗೆ ಬೀಗ ಹಾಕಿಸೋಣ ಎಂದ. ಆಪರೇಟರ್ ಒಪ್ಪಲಿಲ್ಲ.

‘ಮುಟ್ದೇ ಹೆಂಗೆ ಚಾರ್ಜ್ ತಗಳದು? ಬಾಟ್ಲಿ ಕೆಟ್ರೆ ಬೈಸ್ಕಳದು ನಾವು. ಬೈಸ್ಕಳಕ್ಕೆ ನಾವು, ಮುಟ್ಟಕ್ಕೆ ಪೆಟ್ಟಿಗೆಯಾ? ಹಂಗಾರೆ ಬೈಗಳನೂ ಪೆಟ್ಟಿಗೆಗೇ ಕೊಡಿ.’

ತಂಗಿ ಬೀಗ ಬೇಡವೆಂದಳು. ಮರುದಿನ ಸಾಗರದ ಪೇಟೆಯ ರೇಡಿಯೋ ರಿಪೇರಿ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋಗಿ ವಾಲ್ಯೂಮ್ ಕಂಟ್ರೋಲ್ ಒಂದನ್ನು ಕೇಳಿದಳು. ಯಾವ ಸೆಟ್ಟಿಗೆ ಎಂದು ಅಂಗಡಿಯವ ಕೇಳಿದ. ಗಾಜಿನ ಕಾರ್ಖಾನೆಗೆ ಎಂದಾಗ, ‘ಅಲ್ಲಿ ಗಲಾಟೆ ಅಷ್ಟು ಜಾಸ್ತಿಯಾ?’ ಎಂದು ನಗುತ್ತ ಕಟ್ಟಿಕೊಟ್ಟ. ಅದನ್ನು ಉದ್ದನೆಯ ಸರಳಿನಿಂದ, ಬಿಸಿ ತಾಗದಷ್ಟು ದೂರದಲ್ಲಿ, ವಾಲ್ವಿನ ಚಕ್ರಕ್ಕೆ ಜೋಡಿಸಿ, ಅಲ್ಲಿಂದ ಕಂಪ್ಯೂಟರಿಗೆ ತಂತಿ ಎಳೆದರು. ಇನ್ನು ಯಾರಾದರೂ ಚಕ್ರ ತಿರುಗಿಸಿದರೆ ಎಷ್ಟು ತಿರುಗಿಸಿದರೆಂದು ಕಂಪ್ಯೂಟರಿಗೆ ಆಗಲೇ ತಿಳಿಯುತ್ತಿತ್ತು. ಬಿಸಿ ಬದಲಾಗುವ ಮೊದಲೇ ಅದು ಉರಿಯನ್ನು ಸರಿಪಡಿಸುತ್ತಿತ್ತು. ತಂಗಿ ಅದರ ಕೆಟ್ಟ ಲೆಕ್ಕವನ್ನೆಲ್ಲ ಅಳಿಸಿ ಮೊದಲಿನಿಂದ ಕಲಿಯಲು ಬಿಟ್ಟಳು.

ಆಪರೇಟರ್ ತಂತಿಯನ್ನು ನೋಡಿ ಕೇಳಿದರು, ‘ನಾ ಮುಟ್ಟಿದ್ದು ಇದಕ್ಕೆ ಗೊತ್ತಾಗ್ತದಾ ಅಕ್ಕೋರೆ?’

‘ಗೊತ್ತಾಗ್ತದೆ.’

‘ಧಣೇರಿಗೆ ಹೇಳ್ತದಾ?’

‘ಇಲ್ಲ. ನಿಮ್ಮ ಜೊತೆ ಕೆಲಸ ಮಾಡ್ತದೆ, ಅಷ್ಟೆ.’

‘ಹಂಗಾರೆ ಆತು’ ಎಂದು ಅವರು ಚಕ್ರ ಮುಟ್ಟಿ ಪಾಳಿ ಹಿಡಿದರು.

ಮೊದಲ ದಿನಗಳಲ್ಲಿ ಬಾಟಲಿ ಮತ್ತೂ ಕೆಟ್ಟಿತು. ಕಲಿಯಲು ಹೊತ್ತು ಬೇಕು ಎಂದು ತಂಗಿ ಸೂಪರ್‌ವೈಸರನಿಗೆ ಹೇಳುತ್ತಿದ್ದಳು. ಆಗಸ್ಟ್ ಕೊನೆಗೆ ಮುದ್ದೆ ಒಂದೇ ಸಮನಾಗಿ ಬೀಳತೊಡಗಿತು.

ಚೌತಿಯ ಹಿಂದಿನ ವಾರ ಮಾಲೀಕರು ಬಂದರು. ಸಾಲಿನಿಂದ ತಾವೇ ಬಾಟಲಿಗಳನ್ನು ಆರಿಸಿ, ಮೇಜಿನ ಮೇಲಿಟ್ಟು ಬೆರಳಿನಿಂದ ಒಂದೊಂದನ್ನೇ ತಳ್ಳಿ ನೋಡಿದರು. ಬೆಳಗಿನ ಪಾಳಿಯವು, ಮಧ್ಯಾಹ್ನದ ಪಾಳಿಯವು, ರಾತ್ರಿ ಪಾಳಿಯವು ಎಂದು ಬೇರೆ ಮಾಡಿಸಿಯೂ ನೋಡಿದರು. ಒಂದು ಅಲುಗಾಡಿತು. ಅದನ್ನು ಪಕ್ಕಕ್ಕಿಟ್ಟರು.

‘ಇದ್ಯಾಕೆ ಕುಣೀತು?’

‘ಅಚ್ಚು ಸವೆದದೆ ಸಾರ್, ಅದು ಬಿಸಿಯಿಂದ ಆಗಿದ್ದಲ್ಲ’ ಎಂದಳು ತಂಗಿ. ‘ಅಚ್ಚು ಬದ್ಲಿಸ್ಬೇಕು.’

‘ಮತ್ತೆ ಖರ್ಚು ಹೇಳ್ತೀಯಲ್ಲ ತಾಯಿ. ಪೆಟ್ಟಿಗೆ ವಾಪಸ್ ಕಳ್ಸಿದ್ರೆ ಏನಾಗ್ತದೆ?’

ಅವಳು ಉತ್ತರ ಕೊಡುವ ಮೊದಲೇ ಹೊಸನಗರದ ಆಪರೇಟರ್ ಹೇಳಿದರು, ‘ಬೇಡ ಧಣೇರೆ. ಈಗಷ್ಟೇ ಹೊಂದ್ಕಂಡದೆ.’

ಮಾಲೀಕರು ಆ ದಿನ ಏನೂ ತೀರ್ಮಾನ ಹೇಳದೆ ತೀರ್ಥಹಳ್ಳಿಗೆ ಹಿಂತಿರುಗಿದರು. ಚೌತಿ ಕಳೆಯಿತು. ಪೆಟ್ಟಿಗೆ ವಾಪಸು ಹೋಗಲಿಲ್ಲ. ಹೊಸ ಅಚ್ಚು ಬಂತು. ದೀಪಾವಳಿಯ ಹೊತ್ತಿಗೆ ತಂಗಿಯ ಕೆಲಸ ಕಾಯಂ ಆಯಿತು. 1989ರಲ್ಲಿ ಇಟ್ಟಿಗೆ ಬದಲಿಸಲು ಕುಲುಮೆಯನ್ನು ಆರಿಸಿದರು. ಮರಳಿ ಹೊತ್ತಿಸಿದ ದಿನ ಚಕ್ರ ಮುಟ್ಟಿ ಮೊದಲ ಪಾಳಿಯ ಚಾರ್ಜ್ ತೆಗೆದುಕೊಂಡವಳು ಅವಳು.