ಲ್ಯಾಬಿಗೆ ಕಳಿಸಿದ ಎರಡು ಚೀಲ ಮರಳು

ಸಿಂಗಾಪುರದಲ್ಲಿ (ವಿದೇಶದ್ದಲ್ಲ, ನಮ್ಮ ಯಲಹಂಕದ ಹತ್ತಿರದ್ದು) ನನ್ನದೊಂದು ಮರಳು, ಜಲ್ಲಿಯ ಯಾರ್ಡ್ ಇದೆ. ತಲೆಯ ಮೇಲೆ ಬಾಂಡ್ಲಿ ಹೊತ್ತು ಬದುಕು ಶುರು ಮಾಡಿದವಳು ನಾನು. ಕಾಲೇಜಿನೊಳಗೆ ಮೊದಲ ಸಲ ಕಾಲಿಟ್ಟದ್ದೂ ಲಾರಿಯ ಜೊತೆಗೇ. ಯಲಹಂಕದ ಕಡೆಯ ಎಂಜಿನಿಯರಿಂಗ್ ಕಾಲೇಜೊಂದರ ಕಾಂಪೌಂಡ್ ಕೆಲಸಕ್ಕೆ ಲೋಡು ಇಳಿಸಿ, ರಸೀದಿಗೆ ಸಹಿ ಹಾಕುವವರನ್ನು ಹುಡುಕುತ್ತ ಸಿವಿಲ್ ಲ್ಯಾಬಿಗೆ ಹೋದೆ. ಅಲ್ಲಿ ತಗಡಿನ ಡ್ರಮ್ಮಿನಲ್ಲಿ ಗಸಗಸೆಯಷ್ಟು ಚೊಕ್ಕಟವಾದ ಮರಳು.

"ಎಲ್ಲಿಂದ ತರಿಸಿದ್ರಿ ಸಾರ್? ಇಂಥಾದ್ದು ನಾನೇ ನೋಡಿಲ್ಲ."

ಲ್ಯಾಬಿನ ಮೇಷ್ಟ್ರು ಗದಗದ ಕಡೆಯವರು. "ನಾ ಇಲ್ಲಿ ಸೇರೂಕಿಂತ ಮೊದ್ಲಿಂದಾನೂ ಐತ್ರೀ ಅಕ್ಕಾರ. ಹುಡುಗ್ರು ಪ್ರತಿ ವರ್ಷಾ ಇದನ್ನ ತೊಳೀತಾರ, ಜರಡಿ ಹಿಡೀತಾರ, ಒಣಗಿಸಿ ವಾಪಸ್ ಹಾಕ್ತಾರ. ಉತ್ತರಾ ಬದಲಾಗೂದಿಲ್ಲ. ಮಾರ್ಕ್ಸ್ ಕೊಡ್ಲಿಕ್ಕೆ ಅನುಕೂಲ."

"ಇಷ್ಟು ಸಲ ಸ್ನಾನ ಮಾಡಿಸಿದ್ರೆ ಅದ್ರಲ್ಲಿ ಪಾಪ ಎಲ್ಲಿ ಉಳಿಯುತ್ತೆ ಸಾರ್? ಲಾರಿಯಿಂದ ಇಳಿದಿದ್ದು ಕೊಡಿ ಮಕ್ಳಿಗೆ. ಮಡಿ ಉಟ್ಕೊಂಡಿರೋ ಮರಳು ಸೈಟಿಗೆ ಬರಲ್ಲ."

ಬರೀ ಸಲಹೆ ಕೊಟ್ಟು ಬರುವವಳಲ್ಲ ನಾನು. ಅಲ್ಲೇ ವ್ಯಾಪಾರ ಕುದುರಿಸಿದೆ: ಪರೀಕ್ಷೆಗೆ ಎರಡು ಚೀಲ ಪುಕ್ಕಟೆ, ಬದಲಿಗೆ, ಮೇಷ್ಟ್ರು ಶೆಟ್ಟಿಹಳ್ಳಿಯಲ್ಲಿ ಕಟ್ಟಿಸುತ್ತಿದ್ದ ಮನೆಗೆ ಪೂರ್ತಿ ಮರಳು ನನ್ನದೇ.

ಪುಕ್ಕಟೆ ಎಂದ ಮೇಲೆ ಕೈ ತಾನಾಗಿ ಯಾರ್ಡಿನ ಹಿಂದಿನ ರಾಶಿಯತ್ತ ಹೋಯಿತು. ಅದು ಕಲ್ಲಿನ ಧೂಳು ಸೇರಿದ ಸರಕು. ಒಳ್ಳೆಯದರಲ್ಲಿ ಚೂರುಚೂರೇ ಬೆರೆಸಿ ಸಾಗಹಾಕೋಣವೆಂದು ಇಟ್ಟಿದ್ದೆ. ಕಾಲೇಜಿಗೆ ತಾನೆ, ಇದರಲ್ಲೇನು ಮನೆ ಕಟ್ಟುತ್ತಾರಾ ಎಂದುಕೊಂಡು ತುಂಬಿಸಿ ಕಳಿಸಿದೆ.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಮೇಷ್ಟ್ರ ಫೋನು. "ಅಕ್ಕಾರ, ಲಗೂನ ಬರ್ರಿ. ನಿಮ್ಮ ಮರಳು ಒಂದು ಹುಡುಗೀನ ಫೇಲ್ ಮಾಡಾಕ ಹತ್ತೈತಿ."

ಹೋಗಿ ನೋಡಿದರೆ, ಅಮೃತಹಳ್ಳಿಯ ಹುಡುಗಿಯೊಬ್ಬಳು ಗಾಜಿನ ಜಾಡಿಯ ಮುಂದೆ ನಿಂತಿದ್ದಳು. ಮರಳಿಗೆ ಉಪ್ಪುನೀರು ಹಾಕಿ ಕುಲುಕಿ ಬಿಟ್ಟರೆ, ಮರಳು ತಳ ಸೇರಿ ಧೂಳು ಅದರ ಮೇಲೆ ಕೂರುತ್ತದೆ. ಇಲ್ಲಿ ಇಡ್ಲಿಯ ಮೇಲೆ ಸುರಿದ ಗಟ್ಟಿ ಚಟ್ನಿಯ ಹಾಗೆ ಕೂತಿತ್ತು. ಅವಳು ಕಂಡದ್ದನ್ನೇ ಬರೆದಿದ್ದಳು. ಉಳಿದವರು ತಂತಮ್ಮ ಜಾಡಿಯ ಕಡೆ ತಿರುಗಿಯೂ ನೋಡದೆ, ಸೀನಿಯರ್‌ಗಳ ರೆಕಾರ್ಡಿನಿಂದ ಹಳೇ ಉತ್ತರ ಇಳಿಸಿದ್ದರು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಗದರುತ್ತಿದ್ದರು: "ಎಲ್ರಿಗೂ ಬಂದಿದ್ದು ನಿಂಗ್ಯಾಕಮ್ಮ ಬರ್ಲಿಲ್ಲ? ತಿದ್ದಿ ಬರಿ, ಇಲ್ಲಾಂದ್ರೆ ಸೊನ್ನೆ."

"ಜಾಡಿ ಕಣ್ಮುಂದೇನೇ ಇದ್ಯಲ್ಲ ಸಾರ್, ಹೆಂಗ್ ತಿದ್ಲಿ?" ಅವಳು ಪೆನ್ನಿನ ಮುಚ್ಚಳ ಹಾಕಿದಳು.

ಅವರು ನನ್ನತ್ತ ತಿರುಗಿದರು. "ನೀವೇನಾ ಸಪ್ಲೈ ಮಾಡಿದ್ದು? ಒಳ್ಳೆ ಮರಳು ತಾನೆ?"

ಹೌದು ಎಂದರೆ ಹುಡುಗಿಗೆ ಸೊನ್ನೆ. ಅಲ್ಲ ಎಂದರೆ ವ್ಯಾಪಾರ ಕೈಬಿಡುತ್ತದೆ; ಶೆಟ್ಟಿಹಳ್ಳಿಯ ಮನೆ ಮೇಷ್ಟ್ರ ರೂಪದಲ್ಲಿ ನನ್ನ ಪಕ್ಕದಲ್ಲೇ, ಕನ್ನಡಕ ಹಾಕಿಕೊಂಡು ನಿಂತಿದೆ. 'ಪರೀಕ್ಷೆಗೇ ಅಂತ ಬೇಕಂತಲೇ ಕೆಟ್ಟದ್ದು ಕಳಿಸಿದೆ' ಎನ್ನುವ ಒಳ್ಳೆಯ ಸುಳ್ಳೂ ನಾಲಿಗೆಯ ತುದಿಯವರೆಗೆ ಬಂದಿತ್ತು. ಆ ಹುಡುಗಿ ನನ್ನನ್ನೂ ಜಾಡಿಯನ್ನು ನೋಡಿದ ಹಾಗೇ ನೋಡುತ್ತಿದ್ದಳು.

ಚೀಲದಿಂದ ಒಂದು ಹಿಡಿ ತೆಗೆದು ಉಜ್ಜಿ, ಅಂಗೈ ತೋರಿಸಿದೆ. ಬೂದಿ ಬಳಿದಂತಿತ್ತು. "ಧೂಳು ಸಾರ್. ಇವ್ಳು ಬರ್ದಿದ್ದೇ ಸರಿ. ಪುಕ್ಕಟೆ ಅಂತ ನಾನೇ ಕೆಟ್ಟದ್ದು ತುಂಬಿಸಿದ್ದು."

ಪರೀಕ್ಷಕರು ನನ್ನ ಅಂಗೈ ನೋಡಿದರು, ಜಾಡಿ ನೋಡಿದರು. "ಸೈಟಿಗೆ ಇಂಥಾದ್ದು ಬಂದ್ರೆ ಏನ್ ಮಾಡ್ತೀಯಮ್ಮ?"

"ಲಾರಿ ವಾಪಸ್ ಕಳಿಸ್ತೀನಿ ಸಾರ್."

ಅವಳಿಗೆ ಪೂರ್ತಿ ಅಂಕ ಬಿತ್ತು. ಮಿಕ್ಕವರೆಲ್ಲ ಹೊಸದಾಗಿ ಜಾಡಿ ಕುಲುಕಬೇಕಾಯಿತು. ಅವರು ನನ್ನನ್ನು ನೋಡಿದ ನೋಟ ಬೇಡ.

ಬಾಗಿಲ ಬಳಿ ಮೇಷ್ಟ್ರು ಹಿಡಿದುಕೊಂಡರು. "ನಮ್ಮನಿಗೆ ಕಳಿಸಿದ್ದು ಯಾವ ರಾಶೀದ್ರೀ ಅಕ್ಕಾರ?"

"ಮುಂದಿನ ರಾಶಿ ಸಾರ್, ದೇವ್ರಾಣೆ!"

"ದೇವ್ರು ಇರ್ಲಿ ಬಿಡ್ರಿ. ಜಾಡಿ ತರ್ತೀನಿ."

ತಂದರು. ಮುಂದಿನ ಲೋಡಿಗೆ ಶೆಟ್ಟಿಹಳ್ಳಿಯ ಗೇಟಿನಲ್ಲಿ ಇಡೀ ಕ್ಲಾಸೇ ನಿಂತಿತ್ತು, ಮುಂದೆ ಅದೇ ಹುಡುಗಿ. ಹಿಂದಿನ ರಾಶಿಯನ್ನು ಅಷ್ಟರಲ್ಲಿ ನಾನು ಯಾರ್ಡಿನ ಗುಂಡಿಗಳಿಗೆ ಸುರಿಸಿಯಾಗಿತ್ತು.

"ಹತ್ತು ನಿಮಿಷದಲ್ಲಿ ನೋಡ್ಬಿಡಮ್ಮ, ಲಾರಿ ಕಾಯ್ತಿದೆ."

"ಮೂರು ಗಂಟೆ ಬೇಕು ಆಂಟಿ."

"ಒಂದು?"

"ನೀರು ತಿಳಿಯಾಗ್ಬೇಕಲ್ಲ ಆಂಟಿ."

ಚೌಕಾಸಿಯಲ್ಲಿ ಕಲ್ಲು ಕ್ವಾರಿಯವರನ್ನೇ ಬಗ್ಗಿಸಿದವಳು ನಾನು. ಲಾರಿಯ ನೆರಳಿನಲ್ಲಿ ಕೂತು, ಮೂರು ಗಂಟೆ ಆ ಜಾಡಿಯನ್ನೇ ನೋಡಿದೆ.