ಪಟ್ಟಿಯಲ್ಲಿಲ್ಲದ ಸೂಜಿ

ನನ್ನ ಹೆರಿಗೆಗೆ ಒಂದು ಬಾಟಲಿ ರಕ್ತ ಬೇಕಾಯಿತು. ತಿಪಟೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಮಾಡಿ ಮಗು ತೆಗೆದರು. ರಕ್ತ ತುಮಕೂರಿನಿಂದ ಬಂತು. ಬದಲಿಗೆ ಮನೆಯವರು ಯಾರಾದರೂ ರಕ್ತ ಕೊಡಬೇಕು ಎಂದಾಗ ಅಣ್ಣ ಬಸ್ಸು ಹತ್ತಿ ಹೋಗಿ ಕೊಟ್ಟು ಬಂದ. ಅಲ್ಲಿ ತಿನ್ನಲು ಕೊಟ್ಟ ಬಿಸ್ಕತ್ತಿನ ಪೊಟ್ಟಣವನ್ನು ಒಡೆಯದೆ ನನಗೆಂದು ಜೇಬಿನಲ್ಲಿಟ್ಟುಕೊಂಡು ತಂದಿದ್ದ. ಬಾಣಂತಿ ಬಿಸ್ಕತ್ತು ತಿನ್ನಬಾರದೆಂದು ಅಮ್ಮ ಅದನ್ನು ಕಿತ್ತುಕೊಂಡು ತಾನೇ ಕಾಫಿಯಲ್ಲಿ ಅದ್ದಿ ತಿಂದಳು.

ಇದು ತೊಂಬತ್ತರ ದಶಕದ ಕೊನೆಯ ಮಾತು. ಬಾಣಂತನಕ್ಕೆ ನಾನು ತುರುವೇಕೆರೆ ಹತ್ತಿರದ ತವರಿಗೆ ಬಂದು ಹತ್ತು ದಿನವಾಗಿರಲಿಲ್ಲ, ಅಣ್ಣನಿಗೆ ತುಮಕೂರಿನಿಂದ ಒಂದು ಕಾಗದ ಬಂತು. ಬಂದು ಕಾಣಿ ಎಂದಷ್ಟೇ ಇತ್ತು. ಹೋದವನು ಸಂಜೆ ಒಂದು ಚೀಟಿ ಹಿಡಿದು ವಾಪಸಾದ. ಹೆಪಟೈಟಿಸ್ ಬಿ ಎಂದು ಅದರಲ್ಲಿ ಬರೆದಿತ್ತು. ಮನೆಯಲ್ಲಿ ಬಿ.ಎಸ್ಸಿ. ಓದಿದವಳು ನಾನೊಬ್ಬಳೇ ಆದ್ದರಿಂದ ಚೀಟಿ ನನ್ನ ಕೈಗೆ ಬಂತು. ಈಲಿಗೆ, ಅಂದರೆ ಲಿವರಿಗೆ ಸಂಬಂಧಪಟ್ಟದ್ದು, ಕಾಮಾಲೆಯ ಜಾತಿಯದು ಎಂದುಬಿಟ್ಟೆ. ಈಲಿ ಎಂದದ್ದು ಸರಿ, ಕಾಮಾಲೆ ಎಂದದ್ದು ತಪ್ಪಾಯಿತು. ಅಮ್ಮ ಆ ಒಂದು ಪದವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮರುದಿನ ಬೆಳಗ್ಗೆ ಅಣ್ಣನನ್ನು ಅಂಗಳದ ಬಿಸಿಲಿಗೆ ನಿಲ್ಲಿಸಿ, ರೆಪ್ಪೆ ಕೆಳಗೆಳೆದು ಎರಡೂ ಕಣ್ಣು ನೋಡಿದಳು. ಹಳದಿ ಕಾಣಲಿಲ್ಲ. ಕಾಣದಿದ್ದದ್ದು ಅವಳಿಗೆ ಇನ್ನೂ ಹೆಚ್ಚಿನ ಭಯ ತಂದಿತು. ಅಂದಿನಿಂದ ಅವನ ತಟ್ಟೆ, ಲೋಟ ಅಡುಗೆಮನೆಯ ಗೂಡಿನಿಂದ ಹೊರಬಿದ್ದು ಹಜಾರದ ಕಿಟಕಿಯ ಮೇಲೆ ಕೂತವು. ಅವನ ಹಾಸಿಗೆ ಹಿತ್ತಿಲಿನ ಕೊಬ್ಬರಿ ಕೋಣೆಗೆ ಹೋಯಿತು. ಅಲ್ಲಿ ಅಟ್ಟದ ತುಂಬ ಕಾಯಿ, ಕೆಳಗೆ ಅವನು. ಶೆಟ್ಟಿಕೆರೆಯ ಕಡೆ ಕಾಮಾಲೆಗೆ ಸೊಪ್ಪಿನ ರಸ ಕೊಡುವ ಒಬ್ಬ ಮುದುಕರಿದ್ದರು. ಮೂರು ಭಾನುವಾರ ಬರಿಹೊಟ್ಟೆಯಲ್ಲಿ ಹೋಗಬೇಕು, ಉಪ್ಪು ಎಣ್ಣೆ ಮುಟ್ಟಬಾರದು, ಕೊಬ್ಬರಿಯ ಚೂರೂ ನಾಲಿಗೆಗೆ ತಾಗಬಾರದು. ನಮ್ಮ ಮನೆಯಲ್ಲಿ ಕಾಯಿ ಬೀಳದ ಅಡುಗೆಯೇ ಇರಲಿಲ್ಲ. ಅಮ್ಮ ಅವನಿಗೆಂದೇ ಬೇರೆ ಒಲೆ ಹೂಡಿ ಸಪ್ಪೆ ಅನ್ನ, ಹಾಲು ಕೊಟ್ಟಳು. ಅಣ್ಣ ಎರಡು ಭಾನುವಾರ ಹೋಗಿಬಂದು, ಮೂರನೆಯದಕ್ಕೆ ಶೆಟ್ಟಿಕೆರೆಯ ಬಸ್ಸು ಹತ್ತಿ ನಡುದಾರಿಯಲ್ಲಿ ಇಳಿದು ಹೋಟೆಲಿನಲ್ಲಿ ಚಿತ್ರಾನ್ನ ತಿಂದನೆಂದು ಆಮೇಲೆ ನನ್ನೊಬ್ಬಳಿಗೆ ಹೇಳಿದ.

ವಿಷಯ ಹೊಸಿಲು ದಾಟಬಾರದೆಂದು ಅಮ್ಮನ ಅಪ್ಪಣೆಯಾಯಿತು. ಅದಕ್ಕೆ ಕಾರಣಗಳಿದ್ದವು. ಹಾಲ್ಕುರಿಕೆಯ ಕಡೆ ಅಣ್ಣನಿಗೆ ಹೆಣ್ಣು ನೋಡಿ ಬಂದಿದ್ದರು, ಮಗುವಿನ ತೊಟ್ಟಿಲು ಶಾಸ್ತ್ರ ಮುಗಿದ ಮೇಲೆ ಮಾತುಕತೆ ಎಂದಿತ್ತು. ಇನ್ನು ನನ್ನ ಅತ್ತೆ ಮಾವ. ಅವರಿಗೆ ಗೊತ್ತಾದರೆ ಅರ್ಧ ಬಾಣಂತನದಲ್ಲೇ ನನ್ನನ್ನೂ ಮಗುವನ್ನೂ ಚಿಕ್ಕನಾಯಕನಹಳ್ಳಿಗೆ ಎತ್ತಿಕೊಂಡು ಹೋಗುತ್ತಿದ್ದರು, ಅದರಲ್ಲಿ ಅನುಮಾನವಿರಲಿಲ್ಲ. ಮಗಳ ಬಾಣಂತನ ಪೂರ್ತಿ ಮಾಡಲಾಗದ ತವರು ಎಂಬ ಮಾತು ಅಮ್ಮನ ಮಟ್ಟಿಗೆ ಯಾವ ಕಾಯಿಲೆಗಿಂತಲೂ ಕೆಟ್ಟದ್ದು.

ನನಗೆ ಮಗುವಿನ ಚಿಂತೆ. ಹೊಕ್ಕುಳು ತೋರಿಸುವ ನೆಪ ಮಾಡಿ ತುರುವೇಕೆರೆಯ ಮಕ್ಕಳ ಡಾಕ್ಟರ ಬಳಿಗೆ ಹೋದೆ. ಜೊತೆಗೆ ಅಪ್ಪ ಬಂದರು. ಹೊಕ್ಕುಳು ನೋಡಿಯಾದ ಮೇಲೆ ಚೀಟಿ ತೆಗೆದು ಮೇಜಿನ ಮೇಲಿಟ್ಟೆ. ಡಾಕ್ಟರು ಓದಿದರು, ಮನೆಯಲ್ಲಿ ಏನೇನು ಮಾಡಿದ್ದೀರಿ ಎಂದು ಕೇಳಿದರು. ತಟ್ಟೆ ಲೋಟ ಬೇರೆ, ಹಾಸಿಗೆ ಬೇರೆ, ಪಥ್ಯ, ಸೊಪ್ಪಿನ ರಸ, ಎಲ್ಲವನ್ನೂ ಒಪ್ಪಿಸಿದೆ.

"ಗಡ್ಡ ಹೆರೆಯೋ ಬ್ಲೇಡು?" ಎಂದರು.

ಅಪ್ಪ ಗಲ್ಲ ಸವರಿಕೊಂಡರು. ಬಾವಿಯ ಕಟ್ಟೆಯ ಮೇಲೆ ಒಂದೇ ಕನ್ನಡಿ, ಒಂದೇ ರೇಜರು. ಅಪ್ಪ ಮುಗಿಸಿ ತೊಳೆದಿಟ್ಟರೆ ಅಣ್ಣ ಎತ್ತಿಕೊಳ್ಳುತ್ತಿದ್ದ. ಅಂದು ಬೆಳಗ್ಗೆಯೂ ಹಾಗೇ ಆಗಿತ್ತು. ಉಂಡೆ ಕೊಬ್ಬರಿ ಹೆರೆಯುವ ಚಾಕುಗಳೂ ಅಷ್ಟೇ. ಅಮ್ಮ, ಅಣ್ಣ ಎದುರುಬದುರು ಕೂತು ಹೆರೆಯುವಾಗ ಕೈಗೆ ಸಿಕ್ಕಿದ್ದೇ ಚಾಕು, ಬೆರಳು ಕೊಯ್ದುಕೊಂಡರೆ ಬಟ್ಟೆಯ ಚೂರು ಸುತ್ತಿಕೊಂಡು ಮತ್ತೆ ಅದೇ ಚಾಕು. ಡಾಕ್ಟರು ನಗಲಿಲ್ಲ. ಇದು ಊಟದಿಂದ ಬರುವ ಕಾಯಿಲೆಯಲ್ಲ, ರಕ್ತದಿಂದ ಬರುವುದು, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಬರುವುದು, ಎತ್ತಿಕೊಂಡರೆ ಮುಟ್ಟಿದರೆ ಬರುವುದಿಲ್ಲ ಎಂದು ಅಪ್ಪನಿಗೆ ತಿಳಿಯುವ ಹಾಗೆ ನಿಧಾನವಾಗಿ ಹೇಳಿದರು. ಇದಕ್ಕೆ ಲಸಿಕೆ ಇದೆ. ಸರ್ಕಾರದ ಪಟ್ಟಿಯಲ್ಲಿ ಇನ್ನೂ ಸೇರಿಲ್ಲ, ನಿಮ್ಮೂರಿನ ನರ್ಸಮ್ಮನ ಹತ್ತಿರ ಸಿಗುವುದಿಲ್ಲ. ಹುಟ್ಟಿದ ದಿನವೇ ಹಾಕಿಸಿದ್ದರೆ ಒಳ್ಳೆಯದಿತ್ತು, ಈಗಲೂ ಹಾಕಿಸಿ, ಮೂರು ಸಲ. ಎರಡು ದಿನ ಮೊದಲು ಹೇಳಿದರೆ ತುಮಕೂರಿನಿಂದ ಐಸ್ ಡಬ್ಬಿಯಲ್ಲಿ ತರಿಸುತ್ತೇನೆ ಎಂದರು. ಜೊತೆಗೆ ಮನೆಯ ಎಲ್ಲರ ರಕ್ತವೂ ಪರೀಕ್ಷೆಯಾಗಲಿ, ಮೊದಲು ನಿಮ್ಮದು ಎಂದು ನನ್ನ ಕಡೆ ನೋಡಿದರು. ಹಾಲು ನಿಲ್ಲಿಸಬೇಕೇ ಎಂದು ಕೇಳಿದೆ. ಬೇಡ ಎಂದರು.

ವಾಪಸು ಬರುವಾಗ ಅಪ್ಪ ಪೇಟೆಯಲ್ಲಿ ಇಳಿದು ಎರಡು ಹೊಸ ರೇಜರು ಕೊಂಡರು, ಒಂದು ಕೆಂಪು ಡಬ್ಬಿಯದು, ಒಂದು ಹಸಿರಿನದು.

ಮನೆಯಲ್ಲಿ ಅಮ್ಮ ಲಸಿಕೆಗೆ ಒಪ್ಪಲಿಲ್ಲ. ಅವಳ ವಾದ ದಿನಕ್ಕೊಂದು ಬಗೆಯದು. ಬಿಸಿಜಿ ಹಾಕಿಸಿದೆ, ಪೋಲಿಯೋ ಹನಿ ಆಗಿದೆ, ಎಳೆಗೂಸಿನ ಮೈಗೆ ಎಷ್ಟು ಚುಚ್ಚಬೇಕು ಎಂದು ಒಂದು ದಿನ. ಅಯ್ನೋರು ಬಂದು ಲಿಂಗ ಕಟ್ಟಿ ಹೋಗಿದ್ದಾರೆ, ಇನ್ನು ಮಗುವಿಗೆ ಏನೂ ತಾಕುವುದಿಲ್ಲ ಎಂದು ಇನ್ನೊಂದು ದಿನ. ಕೊನೆಗೆ ನಿಜವಾದ ಕಾರಣವನ್ನೇ ಹೇಳಿದಳು. ನನ್ನ ಮಾವ ನಿವೃತ್ತ ಮೇಷ್ಟ್ರು. ಮಗುವಿನ ಲಸಿಕೆ ಕಾರ್ಡನ್ನು ಪಂಚಾಂಗದ ಹಾಗೆ ಸಾಲು ಸಾಲಾಗಿ ಓದುವವರು. ಪಟ್ಟಿಯಲ್ಲಿ ಇಲ್ಲದ ಸೂಜಿ ಯಾಕೆ ಬಂತು ಎಂದು ಕೇಳಿಯೇ ಕೇಳುತ್ತಾರೆ.

"ಬ್ಯಾಡ ಕಣೇ. ಅವನು ಮಗೀನ ಮುಟ್ಟದಂಗೆ ನಾನು ನೋಡ್ಕೋತೀನಿ. ಸೂಜಿ ಬ್ಯಾಡ, ಬುಡು," ಎಂದಳು.

ನನಗೆ ಸಿಟ್ಟು ಬಂತು. ನನ್ನ ಹೆರಿಗೆಗೆಂದು ರಕ್ತ ಕೊಟ್ಟವನನ್ನು ನನ್ನ ಮಗುವಿನಿಂದಲೇ ದೂರ ಇಡುವ ಲೆಕ್ಕ ಅದು. ಅವನೂ ತೆಪ್ಪಗೆ ಒಪ್ಪಿಕೊಂಡಿದ್ದ. ಮಗು ಅತ್ತರೆ ಬಾಗಿಲವರೆಗೆ ಬಂದು, ಚೌಕಟ್ಟಿಗೆ ಕೈಕೊಟ್ಟು ನಿಂತು, ನೋಡಿ ಹೋಗುತ್ತಿದ್ದ. ಭಾನುವಾರ ಬಂದ ಗಂಡನನ್ನು ಹಿತ್ತಿಲಲ್ಲಿ ನಿಲ್ಲಿಸಿಕೊಂಡು ಎಲ್ಲ ಹೇಳಿದೆ. ಅವರು ತೆಂಗಿನ ಸುಳಿ ನೋಡುತ್ತ, ನಮ್ಮಪ್ಪನನ್ನು ಒಂದು ಮಾತು ಕೇಳುತ್ತೇನೆ ಎಂದರು. ನೀವು ಕೇಳಿ ಬರುವಷ್ಟರಲ್ಲಿ ನಾನು ಹಾಕಿಸಿರುತ್ತೇನೆ ಎಂದೆ. ಅವರು ಕೇಳಲೂ ಇಲ್ಲ, ತಡೆಯಲೂ ಇಲ್ಲ. ಅದೂ ಒಂದು ಉಪಕಾರವೇ ಎಂದು ಇಟ್ಟುಕೊಂಡೆ.

ಬುಧವಾರ ಅಪ್ಪ ಒಂದು ವ್ಯಾನು ಮಾತಾಡಿಕೊಂಡು ಬಂದು ಬಾಗಿಲಲ್ಲಿ ನಿಲ್ಲಿಸಿದರು. ರಕ್ತ ಪರೀಕ್ಷೆಗೆ ಅಮ್ಮನೂ ಹೊರಟಳು. ನನಗೇನು ಆಗಿದೆ, ನಿನ್ನ ಬಾಯಿ ಮುಚ್ಚಿಸೋದಕ್ಕೆ ಬರುತ್ತಿದ್ದೇನೆ ಎಂದು ದಾರಿಯುದ್ದಕ್ಕೂ ಅಂದಳು. ಮಗುವಿನ ತೊಡೆಗೆ ಸೂಜಿ ಹೋಯಿತು. ಒಂದು ಸಲ ಕಿರುಚಿ, ಹಾಲು ಕುಡಿದು ಮಲಗಿದಳು. ಕಾರ್ಡಿನಲ್ಲಿ ಬರೆಯದೆ ಇರಬಹುದೇ ಎಂದು ಡಾಕ್ಟರನ್ನು ಕೇಳಿದೆ, ನನಗೂ ಅಷ್ಟು ಹೆದರಿಕೆ ಇತ್ತು. ಬರೆಯದಿದ್ದರೆ ಮುಂದಿನ ಎರಡು ಸಲವನ್ನು ಯಾರು ನೆನಪಿಡುತ್ತಾರೆ ಎಂದು ಅವರು ಕಾರ್ಡಿನ ಕೆಳಗೆ, ಖಾಲಿ ಜಾಗದಲ್ಲಿ, ನೀಲಿ ಶಾಯಿಯಲ್ಲಿ ದಪ್ಪಗೆ ಬರೆದುಬಿಟ್ಟರು.

ಶನಿವಾರ ಅಪ್ಪ ರಿಪೋರ್ಟು ತಂದರು. ನನಗೆ ಇಲ್ಲ. ಅಪ್ಪನಿಗೆ ಇಲ್ಲ. ಅಮ್ಮನಿಗೆ ಇತ್ತು.

ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅಮ್ಮ ಅಡುಗೆಮನೆಯಲ್ಲಿ ನನ್ನ ಬಾಣಂತಿ ಖಾರಕ್ಕೆ ಕೊಬ್ಬರಿ ತುರಿಯುತ್ತಿದ್ದಳು. ಹೇಳಿದೆ. ತುರಿಯುವುದನ್ನು ನಿಲ್ಲಿಸದೆ, ನನಗಾ ಎಂದು ಒಮ್ಮೆ ಕೇಳಿದಳು. ಹೌದು ಎಂದೆ. ಅವನಿಗೆ ನನ್ನಿಂದ ಬಂತಾ ಎಂದಳು. ಡಾಕ್ಟರು ಅಪ್ಪನಿಗೆ ಹೇಳಿ ಕಳಿಸಿದ್ದನ್ನೇ ಹೇಳಿದೆ: ಯಾರಿಂದ ಯಾರಿಗೆ ಎಂದು ಈಗ ಹೇಳಲಾಗದು, ಹುಟ್ಟುವಾಗಲೇ ಬಂದಿರಬಹುದು, ಚಾಕುವಿನಿಂದಲೂ ಇರಬಹುದು. ಅವಳು ಎದ್ದು ಕೈ ತೊಳೆದಳು. ಬಹಳ ಹೊತ್ತು ತೊಳೆದಳು. ಆಮೇಲೆ ಗೂಡಿನಿಂದ ತನ್ನ ತಟ್ಟೆ, ಲೋಟ ತೆಗೆದು ಹಜಾರಕ್ಕೆ ಹೋಗಿ, ಕಿಟಕಿಯ ಮೇಲೆ ಅಣ್ಣನ ತಟ್ಟೆಯ ಪಕ್ಕ ಇಟ್ಟಳು. ತಟ್ಟೆಯಿಂದ ಬರುವುದಿಲ್ಲಮ್ಮ ಎಂದು ಹಿಂದೆಯೇ ಹೋಗಿ ಹೇಳಿದೆ. ಅವಳಿಗೆ ಕೇಳಿಸಲಿಲ್ಲ.

ಸಂಜೆ ತೋಟದಿಂದ ಬಂದ ಅಣ್ಣ ಎರಡೂ ತಟ್ಟೆ ನೋಡಿದ. ಅಪ್ಪ ವಿಷಯ ಹೇಳಿದರು. ಅವನು ಎರಡನ್ನೂ ಒಂದರ ಮೇಲೊಂದಿಟ್ಟು ಅಡುಗೆಮನೆಗೆ ತಂದು, ಎಲ್ಲರ ತಟ್ಟೆಗಳ ನಡುವೆ ಗೂಡಿಗೆ ಸೇರಿಸಿದ.

"ಇಷ್ಟ್ ದಿನ ಒಬ್ಬನೇ ಉಂಡಿದ್ದು ಸಾಕು ಕಣಮ್ಮ. ಉಪ್ಪು ಹಾಕಿ ಬಡ್ಸು," ಎಂದ.

ಅವಳು ಬಡಿಸಿದಳು. ಆದರೆ ಮಗುವನ್ನು ಮುಟ್ಟುವುದನ್ನು ಬಿಟ್ಟಳು. ಅಷ್ಟು ದಿನವೂ ಮಗುವಿಗೆ ಎಣ್ಣೆ ಹಚ್ಚಿ, ಚಾಚಿದ ಕಾಲಿನ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದವಳು ಅವಳೇ. ಮಾರನೆಯ ದಿನದಿಂದ ಕೇರಿಯ ಒಬ್ಬ ಹೆಂಗಸು ಬಂದು ಎರೆದಳು. ಸೊಂಟ ನೋವು ಎಂದು ಅಮ್ಮ ಅವಳಿಗೆ ಕಾರಣ ಹೇಳಿದಳು.

ತೊಟ್ಟಿಲ ದಿನ ಅತ್ತೆ ಮಾವ ಬೆಳಗ್ಗೆಯೇ ಬಂದರು. ನಮ್ಮ ಮನೆಗಳಲ್ಲಿ ಸೋದರಮಾವನೇ ಮಗುವನ್ನು ತೊಟ್ಟಿಲಿಗೆ ಹಾಕಬೇಕು. ಅಣ್ಣ ಹೊಸ ಪಂಚೆ ಉಟ್ಟು, ವಿಭೂತಿ ಹಚ್ಚಿಕೊಂಡು, ಮಗು ಹುಟ್ಟಿದ ಮೇಲೆ ಮೊದಲ ಸಲ ಅವಳನ್ನು ಎತ್ತಿಕೊಂಡಿದ್ದ. ಅಷ್ಟರಲ್ಲಿ ಮಾವ ಕಾರ್ಡು ಕೇಳಿದರು. ಕೊಟ್ಟೆ. ಕನ್ನಡಕ ಹಾಕಿಕೊಂಡು ಮೇಲಿನಿಂದ ಓದುತ್ತ ಬಂದವರು ಕೊನೆಯಲ್ಲಿ ನಿಂತರು. ಇದು ಪಟ್ಟಿಯಲ್ಲಿಲ್ಲವಲ್ಲಮ್ಮ, ಯಾಕೆ ಹಾಕಿಸಿದಿರಿ ಎಂದರು. ಮನೆಯಲ್ಲಿ ಯಾರಿಗಾದರೂ ಏನಾದರೂ ಇದೆಯಾ ಎಂದು ಅತ್ತೆ ಕೇಳಿದರು. ಅವರ ಕಣ್ಣು ಆಗಲೇ ಮಗು ಎತ್ತಿಕೊಂಡವನ ಕಡೆ ಹೋಗಿತ್ತು.

"ನನಗೆ ಕಣ್ರೀ," ಎಂದಳು ಅಮ್ಮ. "ಈಲಿದು. ಅದಕ್ಕೇ ಹಾಕ್ಸಿದ್ವಿ. ಮಗೀಗೆ ಏನೂ ಇಲ್ಲ."

ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅಣ್ಣ ಬಾಯಿ ತೆರೆದ. ಅಮ್ಮ ಅವನನ್ನು ನೋಡಿದಳು, ಅಷ್ಟೇ. ಅವನು ಮಗುವನ್ನು ತೊಟ್ಟಿಲಿಗೆ ಹಾಕಿದ. ಡಾಕ್ಟರು ಹೇಳಿದ್ದನ್ನೆಲ್ಲ ನಾನು ಮಾವನಿಗೆ ಬಿಡಿಸಿ ಹೇಳಿದೆ, ಅವರು ಮೇಷ್ಟ್ರಂತೆಯೇ ಎರಡು ಪ್ರಶ್ನೆ ಕೇಳಿ ಕಾರ್ಡು ವಾಪಸು ಕೊಟ್ಟರು. ಅತ್ತೆ ಮಾತ್ರ ಸಂಜೆಯೊಳಗೆ ಮೂರು ಸಲ, ನಮ್ಮಲ್ಲಿಗೇ ಬಂದುಬಿಡು ಎಂದರು. ಬರುವುದಿಲ್ಲ ಎಂದು ಮೂರು ಸಲವೂ ಹೇಳಿದೆ. ಅವರ ಮೇಲೆ ನನಗೆ ಈಗ ಸಿಟ್ಟಿಲ್ಲ; ಅವರ ಜಾಗದಲ್ಲಿದ್ದರೆ ನಾನೂ ಕರೆಯುತ್ತಿದ್ದೆ.

ಅಮ್ಮ ತಾನು ಹೊತ್ತುಕೊಂಡದ್ದನ್ನು ಅಣ್ಣ ಇಳಿಸಿಬಿಟ್ಟ. ವಾರದೊಳಗೆ ಹಾಲ್ಕುರಿಕೆಗೆ ತಾನೇ ಹೋಗಿ ಹೆಣ್ಣಿನ ಅಪ್ಪನಿಗೆ ಇದ್ದದ್ದು ಇದ್ದ ಹಾಗೆ ಹೇಳಿ ಬಂದ. ಆ ಸಂಬಂಧ ಅಲ್ಲಿಗೇ ನಿಂತುಹೋಯಿತು. ಎರಡು ವರ್ಷದ ಮೇಲೆ ಬಂದ ಅತ್ತಿಗೆ ಮದುವೆಗೆ ಮೊದಲೇ ಮೂರೂ ಸೂಜಿ ಹಾಕಿಸಿಕೊಂಡಿದ್ದಳು.

ತಿಂಗಳು ಕಳೆದು ಮಗುವಿಗೆ ಎರಡನೆಯ ಸೂಜಿ ಆಯಿತು. ಅದರ ಮರುದಿನ ಎರೆಯುವ ಹೆಂಗಸು ಬರಲಿಲ್ಲ. ಹಂಡೆಯಲ್ಲಿ ನೀರು ಕಾದಿತ್ತು. ಅಮ್ಮನ ಎರಡೂ ಕೈ ಹಿಡಿದು ಬೆರಳು ಬೆರಳಾಗಿ ನೋಡಿದೆ, ಎಲ್ಲೂ ಗಾಯವಿರಲಿಲ್ಲ. ಬಚ್ಚಲಲ್ಲಿ ಮಣೆ ಹಾಕಿ ಕೂರಿಸಿ ಮಗುವನ್ನು ಅವಳ ಕಾಲಿನ ಮೇಲೆ ಮಲಗಿಸಿದೆ. ಅವಳು ಬೇಡ ಎನ್ನಲಿಲ್ಲ. ಮೊದಲ ಚೊಂಬು ಹಾಕಿ, ಎರಡನೆಯದನ್ನು ಎತ್ತಿ ಹಿಡಿದುಕೊಂಡು ಕೇಳಿದಳು.

"ನಿಮ್ಮಣ್ಣ ಹುಟ್ಟಿದಾಗ ಈ ಸೂಜಿ ಇತ್ತೇನೇ?"

ಇರಲಿಲ್ಲಮ್ಮ, ಆಗ ಎಲ್ಲೂ ಇರಲಿಲ್ಲ ಎಂದೆ. ಅದು ನಿಜವಾಗಿತ್ತು, ಹೇಳಲು ಹಗುರವಾಗಿತ್ತು. ಅವಳಿಗೂ ಅಷ್ಟರಿಂದ ಸಮಾಧಾನವಾದೀತು ಎಂದುಕೊಂಡೆ. ಅವಳು ಚೊಂಬಿನ ನೀರನ್ನು ಮಗುವಿನ ಬೆನ್ನಿಗೆ ಮೆಲ್ಲಗೆ ಹೊಯ್ದಳು.

"ಇದ್ದಿದ್ರೂ ಬ್ಯಾಡ ಅಂತಿದ್ದೆ ಕಣೇ ನಾನು," ಎಂದಳು.