ಬೀರೇಶನ ತಾಳಕ್ಕೆ ಮುನಿತಾಯಮ್ಮ ಸಾಕ್ಷಿ

ಬೆಳಗಿನ ಐದೂಮುಕ್ಕಾಲು. ದೊಡ್ಡಬಳ್ಳಾಪುರದ ಗಲ್ಲಿಯೊಂದರಲ್ಲಿ ಕೆಂಪರಾಜ್ ಅವರ ಪವರ್‌ಲೂಮ್ ಶೆಡ್ಡಿನ ಎಂಟು ಮಗ್ಗಗಳು ಒಂದರ ಹಿಂದೊಂದು ಸದ್ದು ಶುರು ಮಾಡುತ್ತಿವೆ. ಮೂಲೆಯಲ್ಲಿ ಮುನಿತಾಯಮ್ಮ ಆಗಲೇ ಕೆಲಸಕ್ಕೆ ಕೂತಿದ್ದಾರೆ. ಲಾಳಿಯೊಳಗೆ ಕೂರುವ ಕಂಡಿಕೆಗಳಿಗೆ ನೂಲು ಸುತ್ತುವುದು ಅವರ ಕೆಲಸ. ಕೈ ನಿಲ್ಲಿಸದೆ, ತಲೆಯನ್ನೂ ಎತ್ತದೆ ಕೂಗುತ್ತಾರೆ: "ಕೆಂಪರಾಜಣ್ಣಾ, ಐದ್ನೇ ಮಗ್ಗ ನೋಡು, ಲಾಳಿ ಉಜ್ತಾ ಐತೆ!" ಮಾಲೀಕರು ಹೋಗಿ ನೋಡುತ್ತಾರೆ. ನಿಜಕ್ಕೂ ಉಜ್ಜುತ್ತಿದೆ.

ಆಮೇಲೆ ಮುನಿತಾಯಮ್ಮನಿಗೆ ಉತ್ತರ ಕೊಡುವುದು ನನ್ನ ಸರದಿ. "ಬೀರೇಶಂಗೆ ತಾಳ ಬರ್ತಿರ್ಲಿಲ್ಲ ಅಂತ ಪೇಪರ್‌ನಾಗೆ ಬರ್ದೋರು ನೀವೇ ಅಲ್ವಾ ಸಾರ್?"

ನಾನೇ. ಕಳೆದ ವರ್ಷ ಪಾಪ್ ಗಾಯಕ 'ಕರೆಂಟ್' ಬೀರೇಶ್ ಮೂವತ್ತೆಂಟರ ಹರೆಯಕ್ಕೇ ತೀರಿಕೊಂಡಾಗ 'ತಾಳ ತಪ್ಪಿದ ತಾರೆ' ಎಂಬ ಶೀರ್ಷಿಕೆ ಕೊಟ್ಟು, ಎಷ್ಟು ಚೆನ್ನಾಗಿ ಬರೆದೆ ಎಂದು ಬೀಗಿದವನೂ ನಾನೇ. ಈ ಬರಹಕ್ಕೆ ಅರ್ಧ ಕಾರಣ ಆ ಪಾಪ.

ಮುನಿತಾಯಮ್ಮನಿಗೆ ಈಗ ಐವತ್ತೊಂಬತ್ತು. ನಂದಗುಡಿ ಕಡೆಯಿಂದ ಮದುವೆಯಾಗಿ ಬಂದವರು. ಗಂಡ ಬೇಗ ಹೋದರು. ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ್ದು, ದಡ ಸೇರಿಸಿದ್ದು ಈ ಮೂಲೆಯಲ್ಲಿ ಕೂತೇ. ಮೂವತ್ತೊಂದು ವರ್ಷಗಳಿಂದ ದಿನಕ್ಕೆ ಸುಮಾರು ಇನ್ನೂರು ಕಂಡಿಕೆ. ಮಗ್ಗದ ಸದ್ದಿಗೆ ಎಡಗಿವಿ ಮಂದವಾಗಿದೆ, ಬೆರಳ ತುದಿಗಳನ್ನು ನೂಲು ಕೊಯ್ದಿದೆ. ಓದು ಬರಹ ಗೊತ್ತಿಲ್ಲ. ನನ್ನ ಲೇಖನವನ್ನು ಅವರಿಗೆ ಯಾರೋ ಓದಿ ಹೇಳಿದ್ದಂತೆ.

ಇದೇ ಶೆಡ್ಡಿನ ಮೂರನೇ ಮಗ್ಗದಲ್ಲಿ ಬೀರೇಶ್ ಆರು ವರ್ಷ ನೇಯ್ದಿದ್ದ. ಬೇಸರ ಕಳೆಯಲು ಹಾಡುತ್ತಿದ್ದ. ಮುನಿತಾಯಮ್ಮ ಮೂಲೆಯಿಂದ ದನಿಗೂಡಿಸುತ್ತಿದ್ದರು. ದಾಬಸ್‌ಪೇಟೆಯ ಕಾರ್ಖಾನೆಯೊಂದರ ರಾಜ್ಯೋತ್ಸವದಲ್ಲಿ ಹಾಡಿದ ಒಂದು ವಿಡಿಯೊ ಅವನನ್ನು ರಾತ್ರೋರಾತ್ರಿ ಮೇಲಕ್ಕೆತ್ತಿತು. ಐದು ವರ್ಷ ಮೆರೆದ. ಬಳಿಕ ಕುಡಿತ ಹತ್ತಿತು. ಒಪ್ಪಿಕೊಂಡ ಕಾರ್ಯಕ್ರಮಗಳಿಗೆ ಹೋಗಲಿಲ್ಲ. ಹೊಸಕೋಟೆಯಲ್ಲಿ ವೇದಿಕೆ ಮೇಲೆಯೇ ಬಿದ್ದು, ಎತ್ತಲು ಬಂದವರನ್ನು ಬಾಯಿಗೆ ಬಂದಂತೆ ಬೈದ. ಸತ್ತ ಮೇಲಂತೂ ಎಲ್ಲರೂ ತೀರ್ಪುಗಾರರಾದೆವು. ಅವನ ಪ್ರತಿ ಸಾಲೂ ತಾಳಕ್ಕಿಂತ ಕೂದಲೆಳೆಯಷ್ಟು ತಡವಾಗಿ ಬರುತ್ತದೆ, ಅವನಿಗೆ ಹಾಡಲು ಬರುತ್ತಿರಲಿಲ್ಲ ಎಂದು ಟಿವಿಯಲ್ಲಿ ಮೃದಂಗ ವಿದ್ವಾಂಸರೊಬ್ಬರು ಹೇಳಿದರು. ನಾನು ಅದನ್ನೇ ಎತ್ತಿಕೊಂಡೆ.

"ಕುಡೀತಿದ್ದ, ಬೈರಿ. ನಾನೂ ಬೈದಿದೀನಿ, ಎದುರಿಗೇ" ಎನ್ನುತ್ತಾರೆ ಮುನಿತಾಯಮ್ಮ. "ಆದ್ರೆ ಹಾಡಾಕೇ ಬರ್ತಿರ್ಲಿಲ್ಲ ಅಂದ್ರೆ ನಾನು ಒಪ್ಪಲ್ಲ."

ಬೀರೇಶ್ ಬಿಟ್ಟುಹೋದ ಒಂಬತ್ತು ಹಾಡುಗಳನ್ನು ಹೊರತರಲು, ಅವನ ಹಾಡುಗಳನ್ನು ರೆಕಾರ್ಡ್ ಮಾಡುತ್ತಿದ್ದ ಸ್ಟುಡಿಯೊದ ಮನೋಹರ್ ಹೊರಟರು. ಗೆಳೆಯನ ಮಾನ ಉಳಿಸಬೇಕೆಂದು ತಡವಾದ ಪ್ರತಿ ಸಾಲನ್ನೂ ಕಂಪ್ಯೂಟರಿನಲ್ಲಿ ಎಳೆದು ತಾಳಕ್ಕೆ ಕೂರಿಸಿದರು. ಮೂರು ವಾರದ ಕೆಲಸ. ಆಮೇಲೆ ವಿಡಿಯೊಗೆ ಮಗ್ಗದ ಸದ್ದು ಬೇಕೆಂದು ಈ ಶೆಡ್ಡಿಗೆ ಬಂದವರು, ಹೆಮ್ಮೆಯಿಂದ ಒಂದು ಹಾಡನ್ನು ಮುನಿತಾಯಮ್ಮನ ಬಲಗಿವಿಗೆ ಹಿಡಿದರು.

"ಯಾರಪ್ಪಾ ಹಾಡಿರೋದು?"

"ಬೀರೇಶ್ ಅಲ್ವೇನಮ್ಮಾ!"

"ಅಲ್ಲ ಕಣಪ್ಪಾ. ಅವನ ಗಂಟ್ಲು ಇಟ್ಕೊಂಡು ಇನ್ಯಾರೋ ಹಾಡೌರೆ."

ಮನೋಹರ್ ನಕ್ಕರು. ಮುನಿತಾಯಮ್ಮ ನಗಲಿಲ್ಲ. ಮನೋಹರ್ ಅವರನ್ನು ಮೂರನೇ ಮಗ್ಗದ ಪಕ್ಕ ನಿಲ್ಲಿಸಿ, ಮಗ್ಗದ ಏಟು ಬೀಳುವಾಗಲೇ ನಿನ್ನ ಹೆಸರು ಕೂಗು ಎಂದರು. ಮನೋಹರ್ ಕೂಗಿದರು. ಮೊದಲಕ್ಷರವನ್ನು ಮಗ್ಗ ನುಂಗಿ 'ನೋಹರ್' ಅಷ್ಟೇ ಉಳಿಯಿತು. "ಈಗ ಏಟು ಬಿದ್ಮೇಲೆ ಕೂಗು" ಎಂದರು. ಈ ಸಲ ಪೂರ್ತಿ ಹೆಸರು ಹಿಂದಿನ ಗೋಡೆಯವರೆಗೂ ಕೇಳಿಸಿತು. "ಇಲ್ಲಿ ಎಲ್ರೂ ಹಿಂಗೇ ಹಾಡಾದು. ಏಟಿಗೆ ಜಾಗ ಬಿಟ್ಟು ಮಾತು ಇಡ್ಬೇಕು. ಅವ್ನು ಕಲ್ತಿದ್ದು ಇಲ್ಲೇ ಅಲ್ವಾ?"

ಮನೋಹರ್ ತಾವು ತಿದ್ದುವ ಮೊದಲಿನ ಹಾಡನ್ನು ಫೋನಿನಲ್ಲಿ ಹುಡುಕಿ, ಮಗ್ಗ ಓಡುತ್ತಿರುವಾಗಲೇ ಸ್ಪೀಕರಿಗೆ ಹಾಕಿದರು. ಒಂದು ಅಕ್ಷರವೂ ಮುಳುಗಲಿಲ್ಲ. "ನನಗೆ ಅಲ್ಲೇ ಕಣ್ಣು ತುಂಬಿತು. ಅವನು ಬದುಕಿದ್ದಾಗ ಸ್ಟುಡಿಯೊದಲ್ಲಿ ಎಷ್ಟು ಸಲ ಬೈದಿದ್ದೆ, ತಾಳಕ್ಕೆ ಸರಿಯಾಗಿ ಬಾರೋ ಅಂತ" ಎಂದು ಮನೋಹರ್ ನನಗೆ ಹೇಳಿದರು. ಸ್ಟುಡಿಯೊಗೆ ಮರಳಿದವರೇ ಮೂರು ವಾರದ ದುಡಿಮೆಯನ್ನು ಅಳಿಸಿ ಹಾಕಿದರು.

ಹೋದ ಭಾನುವಾರ ಬೆಳಿಗ್ಗೆ ದೊಡ್ಡಬಳ್ಳಾಪುರದ ಸಭಾಂಗಣವೊಂದರಲ್ಲಿ ಬಿಡುಗಡೆ. ಟಿವಿಯ ವಿದ್ವಾಂಸರು ಮುಂದಿನ ಸಾಲಿನಲ್ಲಿ, ನಾನು ಅವರ ಪಕ್ಕದಲ್ಲಿ. ಹಿಂದೆ ಮಗ್ಗ ನಿಲ್ಲಿಸಿ ಬಂದ ಇನ್ನೂರು ಜನ. ಮೊದಲ ಹಾಡು ಶುರುವಾಯಿತು. ವಿದ್ವಾಂಸರು ತೊಡೆಯ ಮೇಲೆ ತಾಳ ಹಾಕಿದರು, ಬೀರೇಶ್ ಎಂದಿನಂತೆ ತಡವಾಗಿ ಬಂದ. ಅದೇ ಕ್ಷಣಕ್ಕೆ, ಮಗ್ಗದ ಏಟಿಗೆ ಜಾಗ ಬಿಟ್ಟಂತೆ, ಹಿಂದಿನ ಇನ್ನೂರು ಜನರೂ ಒಟ್ಟಿಗೆ ಚಪ್ಪಾಳೆ ಹೊಡೆದರು. ಮತ್ತೆ ತಡ, ಮತ್ತೆ ಚಪ್ಪಾಳೆ. ಒಬ್ಬರದೂ ಹೆಚ್ಚುಕಮ್ಮಿ ಆಗಲಿಲ್ಲ. ಎರಡನೇ ಚರಣಕ್ಕೆ ವಿದ್ವಾಂಸರ ಕೈಯೂ ಹಿಂದಿನವರ ಜೊತೆ ಸೇರಿಕೊಂಡಿತು. ಹಾಡು ಮುಗಿದಾಗ ಮೈಕ್ ಕೇಳಿ ಪಡೆದರು: "ಲೆಕ್ಕ ತಪ್ಪಿದ್ದು ನನ್ನದು. ಈ ಹುಡುಗನಿಗೆ ತಾಳ ಗೊತ್ತಿತ್ತು." ಸಭಾಂಗಣ ಎದ್ದು ನಿಂತು ಕೂಗಾಡಿತು. ನಾನೂ ನಾಚಿಕೆ ಬಿಟ್ಟು ಕೂಗಿದೆ.

ಮುನಿತಾಯಮ್ಮನನ್ನು ವೇದಿಕೆಗೆ ಕರೆದರು. ಅವರು ಹೋಗಲಿಲ್ಲ. ಸೋಮವಾರ ಎಂದಿನಂತೆ ಐದೂಮುಕ್ಕಾಲಿಗೆ ಶೆಡ್ಡಿನಲ್ಲಿದ್ದರಂತೆ.

ಬೀರೇಶ್ ದೊಡ್ಡ ಗಾಯಕನಾ ಎಂದು ಇವತ್ತು ನಾನು ಅವರನ್ನೇ ಕೇಳುತ್ತೇನೆ. ಸುತ್ತುತ್ತಿದ್ದ ಕಂಡಿಕೆ ಮುಗಿಸಿ, ಪಕ್ಕಕ್ಕಿಟ್ಟು ಹೇಳುತ್ತಾರೆ: "ದೊಡ್ಡೋನು ಚಿಕ್ಕೋನು ನಂಗೇನ್ ಗೊತ್ತು ಸಾರ್. ಬದುಕಲ್ಲಿ ಅವ್ನು ತಪ್ಪು ಮಾಡಿದ್ದನ್ನ ತಿದ್ದಾಕೆ ನನ್ ಕೈಲಿ ಆಗ್ಲಿಲ್ಲ. ಸರಿಯಾಗಿ ಹಾಡಿದ್ದನ್ನ ಯಾರ್ಗೂ ತಿದ್ದಾಕೆ ಬಿಡ್ಲಿಲ್ಲ."